ಕಾಂಟ್ರಾಸ್ಟ್ ಬರೆಯುವ ಮೊದಲು ಎದುರುಬದುರು ಯಾರಿದ್ದಾರೆ ನೋಡಿ

ನನ್ನ ಕೆಲಸ ಇಂಗ್ಲಿಷ್ ವರದಿಗಳನ್ನು ತಿದ್ದುವುದು. ಬರೆಯುವವರು ಬೇರೆ ಬೇರೆ ವಿಭಾಗದವರು, ತಮ್ಮ ವಿಷಯವನ್ನು ಚೆನ್ನಾಗಿ ಬಲ್ಲವರು. ಆದರೂ ಎರಡು ಸಂಗತಿಗಳು ಒಂದೇ ಥರ ಇಲ್ಲ ಅಂತ ಹೇಳಬೇಕಾದ ಜಾಗ ಬಂತು ಅಂದರೆ ವಾಕ್ಯ ಎಡವುತ್ತದೆ. ಕಾಂಟ್ರಾಸ್ಟ್ (ಎದುರುಬದುರಾಗಿ ಬೇರೆಯಾಗಿ ಕಾಣು), ಡಿಫರ್ (ಬೇರೆಯಾಗಿರು), ಕಾಂಟ್ರಡಿಕ್ಟ್ (ಅಲ್ಲಗಳೆ), ಬಿಲೈ (ನಿಜವನ್ನು ಮರೆಮಾಡು ಅಥವಾ ಸುಳ್ಳು ಮಾಡು). ನನ್ನ ಕೆಂಪು ಗುರುತು ಬೀಳುವುದು ಈ ಕ್ರಿಯಾಪದಗಳ ಸುತ್ತಲೇ ಜಾಸ್ತಿ.

ಮೊದಲು ಕಾಂಟ್ರಾಸ್ಟ್. ಲ್ಯಾಟಿನ್‌ನಲ್ಲಿ ಕಾಂಟ್ರಾ ಅಂದರೆ ಎದುರು, ಸ್ಟಾರೆ ಅಂದರೆ ನಿಲ್ಲುವುದು. 17ನೇ ಶತಮಾನದ ಕೊನೆಯ ಹೊತ್ತಿಗೆ ಈ ಪದ ಇಂಗ್ಲಿಷಿಗೆ ಬಂದಾಗ ಚಿತ್ರಕಲೆಯವರ ಮಾತಾಗಿತ್ತು. ಎರಡು ಬಣ್ಣ ಅಥವಾ ಎರಡು ಆಕಾರಗಳನ್ನು ಪಕ್ಕಪಕ್ಕ ಇಟ್ಟು ಅವುಗಳ ಬೇರೆತನ ಎದ್ದು ಕಾಣುವ ಹಾಗೆ ಮಾಡುವುದು. ಇವತ್ತಿಗೂ ಈ ಪದದ ಒಳಗೆ ಅದೇ ಕೆಲಸ ಇದೆ. ಅದಕ್ಕೇ ಯಾರಾದರೂ ಕೇಳಿದರೆ ನಾನು ಮೊದಲು ವ್ಯಾಕರಣ ಹೇಳುವುದಿಲ್ಲ. ಎದುರುಬದುರು ನಿಂತಿರುವ ಎರಡು ಯಾವುವು, ಅವು ತಾವೇ ನಿಂತಿವೆಯೋ, ಯಾರಾದರೂ ತಂದು ನಿಲ್ಲಿಸಿದರೋ ಅಂತ ಕೇಳುತ್ತೇನೆ.

ತಾವೇ ನಿಂತಿದ್ದರೆ ವಾಕ್ಯ ಹೀಗೆ: 'ದಿ ಡಾರ್ಕ್ ವಾಲ್ಸ್ ಕಾಂಟ್ರಾಸ್ಟ್ ವಿತ್ ದಿ ವೈಟ್ ಡೋರ್.' ಗೋಡೆ ಕಪ್ಪು, ಬಾಗಿಲು ಬಿಳಿ, ಅಷ್ಟೇ. ಯಾರೋ ನಿಲ್ಲಿಸಿದ್ದರೆ ಹೀಗೆ: 'ದಿ ರಿಪೋರ್ಟ್ ಕಾಂಟ್ರಾಸ್ಟ್ಸ್ ದಿ ನ್ಯೂ ಮೆಥಡ್ ವಿತ್ ದಿ ಓಲ್ಡ್ ಒನ್.' ಇಲ್ಲಿ ಕೆಲಸ ಮಾಡುತ್ತಿರುವುದು ವರದಿ.

ಈ ಎರಡು ಬಳಕೆ ಬೆರೆತುಹೋದಾಗಲೇ ತೊಂದರೆ. 'ದಿ ವಾಲ್ಸ್ ಆರ್ ಕಾಂಟ್ರಾಸ್ಟೆಡ್ ವಿತ್ ದಿ ಡೋರ್' ಅಂತ ಬರೆದರೆ, ಯಾರು ಹೋಲಿಸಿದರು ಅನ್ನುವ ಪ್ರಶ್ನೆ ಸುಮ್ನೆ ಎದ್ದು ನಿಲ್ಲುತ್ತದೆ. ಇದು ಎಲ್ಲಿಂದ ಬರುತ್ತದೆ ಅಂತ ನನಗೆ ಅನಿಸುವುದು ಹೀಗೆ. ಕನ್ನಡದಲ್ಲಿ ನಾವು 'ವಿರುದ್ಧವಾಗಿದೆ', 'ಭಿನ್ನವಾಗಿದೆ' ಅನ್ನುತ್ತೇವೆ. ಆ 'ಆಗಿದೆ' ಇಂಗ್ಲಿಷಿಗೆ ಹೋಗುವಾಗ 'ಈಸ್' ಆಗಿ ಅಂಟಿಕೊಳ್ಳುತ್ತದೆ. 'ಈಸ್ ಕಾಂಟ್ರಾಸ್ಟಿಂಗ್ ವಿತ್' ಹುಟ್ಟುವುದೂ ಹೀಗೆಯೇ. ಬಣ್ಣಗಳ ಬೇರೆತನ ಈ ಕ್ಷಣ ನಡೆಯುತ್ತಿರುವ ಕೆಲಸ ಅಲ್ಲ, ಇರುವ ಸ್ಥಿತಿ. ಅದಕ್ಕೆ 'ಕಾಂಟ್ರಾಸ್ಟ್ಸ್' ಸಾಕು.

ವಿಭಕ್ತಿಯೂ ಹಾಗೇ ಜೊತೆಗೆ ಬರುತ್ತದೆ. 'ಅದಕ್ಕೆ ವಿರುದ್ಧ' ಅನ್ನುವಲ್ಲಿನ 'ಕ್ಕೆ' ಇಂಗ್ಲಿಷಿನಲ್ಲಿ 'ಟು' ಆಗಿ, 'ಕಾಂಟ್ರಾಸ್ಟ್ಸ್ ಟು' ಅಂತ ಬರೆಯುತ್ತಾರೆ. ಕ್ರಿಯಾಪದದ ಜೊತೆ ಬರಬೇಕಾದ್ದು 'ವಿತ್'. 'ಇನ್ ಕಾಂಟ್ರಾಸ್ಟ್ ಟು' ಸರಿಯೇ, ಆದರೆ ಅಲ್ಲಿ ಅದು ನಾಮಪದ. ಗೊಂದಲಕ್ಕೆ ಇದೂ ಒಂದು ಕಾರಣ. 'ಕಾಂಟ್ರಡಿಕ್ಟ್‌'ಗಂತೂ ಮಧ್ಯದಲ್ಲಿ ಏನೂ ಬೇಡ: 'ದಿಸ್ ಟೇಬಲ್ ಕಾಂಟ್ರಡಿಕ್ಟ್ಸ್ ದಿ ಸಮರಿ.' 'ಕಾಂಟ್ರಡಿಕ್ಟ್ಸ್ ಟು', 'ಕಾಂಟ್ರಡಿಕ್ಟ್ಸ್ ವಿತ್' ಎರಡೂ ತಪ್ಪು. ನಮ್ಮ 'ಗಿಂತ' ಕೂಡ 'ಡಿಫರ್ಸ್ ದ್ಯಾನ್' ಅಂತ ಇಣುಕುತ್ತದೆ. ಅದು 'ಡಿಫರ್ಸ್ ಫ್ರಮ್' ಆಗಬೇಕು. 'ಐ ಡಿಫರ್ ವಿತ್ ಯೂ' ಅಂದರೆ ಅರ್ಥವೇ ಬೇರೆ, ನಿಮ್ಮ ಅಭಿಪ್ರಾಯ ಒಪ್ಪುವುದಿಲ್ಲ ಅಂತ.

ನಾನು ಹೆಚ್ಚು ಹೊತ್ತು ಕೂತು ತಿದ್ದುವುದು ಇನ್ನೊಂದು ಬಗೆಯ ವಾಕ್ಯವನ್ನು. 'ದಿ ಸೇಲ್ಸ್ ಆಫ್ ದಿಸ್ ಇಯರ್ ಕಾಂಟ್ರಾಸ್ಟ್ ವಿತ್ ಲಾಸ್ಟ್ ಇಯರ್.' ಮೇಲ್ನೋಟಕ್ಕೆ ತಪ್ಪು ಕಾಣುವುದಿಲ್ಲ. ಆದರೆ ಇಲ್ಲಿ ಒಂದು ಕಡೆ ಮಾರಾಟ ನಿಂತಿದೆ, ಇನ್ನೊಂದು ಕಡೆ ಒಂದು ವರ್ಷ! ಈ ವರ್ಷದ ಮಾರಾಟ ಹೋದ ವರ್ಷಕ್ಕಿಂತ ಜಾಸ್ತಿ ಅಂತ ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ, ಕೇಳುವವರು ಉಳಿದದ್ದನ್ನು ತುಂಬಿಕೊಳ್ಳುತ್ತಾರೆ, ಅಲ್ವಾ? ಇಂಗ್ಲಿಷ್ ಬರವಣಿಗೆ ಅಷ್ಟು ಸಲಿಗೆ ಕೊಡುವುದಿಲ್ಲ. 'ವಿತ್ ದೋಸ್ ಆಫ್ ಲಾಸ್ಟ್ ಇಯರ್' ಅನ್ನಬೇಕು. ಸಣ್ಣ ವಾಕ್ಯದಲ್ಲಿ ಓದುಗ ಹೇಗೋ ದಾಟಿಬಿಡುತ್ತಾನೆ. ಎರಡು ವಿಭಾಗ, ಎರಡು ವರ್ಷ, ಎರಡು ಉತ್ಪನ್ನ ಒಂದೇ ವಾಕ್ಯದಲ್ಲಿ ಬಂದರೆ ಯಾವುದರ ಎದುರು ಯಾವುದು ಅಂತ ಬರೆದವರಿಗೇ ತಿಳಿಯದೆ ಹೋಗುತ್ತದೆ. ಅಂಥ ಕಡೆ ನಾನು ಪೆನ್ನು ಕೆಳಗಿಟ್ಟು ಬರೆದವರಿಗೇ ಫೋನ್ ಮಾಡುತ್ತೇನೆ. ಊಹೆ ಮಾಡಿ ತಿದ್ದಿದರೆ ಅರ್ಥವನ್ನೇ ಬದಲಾಯಿಸಿಬಿಡುವ ಅಪಾಯ ಇದೆ.

'ಬಿಲೈ' ಬಗ್ಗೆ ತುಂಬಾ ಎಚ್ಚರ ಬೇಕು. ಇದನ್ನು 'ತೋರಿಸಿಕೊಡು' ಅನ್ನುವ ಅರ್ಥದಲ್ಲಿ ಬಳಸುವವರು ಇದ್ದಾರೆ. ನಿಜ ಅದರ ತಿರುವುಮುರುವು. 'ಹಿಸ್ ಕಾಮ್ ವಾಯ್ಸ್ ಬಿಲೈಡ್ ಹಿಸ್ ಆ್ಯಂಗರ್' ಅಂದರೆ ದನಿ ಶಾಂತ, ಒಳಗೆ ಸಿಟ್ಟು. ಹೊರಗೆ ಕಾಣುವುದು ಕರ್ತೃ, ಒಳಗೆ ಮುಚ್ಚಿಹೋದದ್ದು ಕರ್ಮ. 'ಹಿಸ್ ಶೇಕಿಂಗ್ ಹ್ಯಾಂಡ್ಸ್ ಬಿಲೈಡ್ ಹಿಸ್ ಫಿಯರ್' ಅಂತ ಬರೆದರೆ ವಾಕ್ಯ ಕೆಡುತ್ತದೆ, ಯಾಕೆಂದರೆ ನಡುಗುವ ಕೈ ಭಯವನ್ನು ಮುಚ್ಚುವುದಿಲ್ಲ, ಹೊರಹಾಕುತ್ತದೆ. ಅಲ್ಲಿ 'ಬಿಟ್ರೇಡ್' ಬೇಕು. ಇದಲ್ಲದೆ 'ದಿ ಫಿಗರ್ಸ್ ಬಿಲೈ ದಿ ಕ್ಲೇಮ್' ಅನ್ನುವ ಬಳಕೆಯೂ ಇದೆ, ಅಂಕಿಗಳು ಆ ಮಾತನ್ನು ಸುಳ್ಳು ಮಾಡುತ್ತವೆ ಅಂತ. ಒಂದರಲ್ಲಿ ಕರ್ತೃ ದಾರಿ ತಪ್ಪಿಸುತ್ತದೆ, ಇನ್ನೊಂದರಲ್ಲಿ ಸತ್ಯ ಹೇಳುತ್ತದೆ! ವರದಿಗಳಲ್ಲಿ ನಾನು ಇದನ್ನು ಉಳಿಸುವುದು ಅಪರೂಪ. 'ಹೈಡ್' ಅಥವಾ 'ಕಾಂಟ್ರಡಿಕ್ಟ್' ಹಾಕಿದರೆ ಅವಸರದಲ್ಲಿ ಓದುವವರಿಗೂ ತಿಳಿಯುತ್ತದೆ.

ವ್ಯಾಕರಣ ಸರಿ ಇದ್ದರೂ ನಾನು ತೆಗೆಯುವ ಒಂದು ಮಾತಿದೆ: 'ಕಾಂಟ್ರಾಸ್ಟ್ಸ್ ಶಾರ್ಪ್ಲಿ', ಅಂದರೆ ತೀರಾ ಎದ್ದು ಕಾಣುವಷ್ಟು ಬೇರೆ ಅಂತ. ಒಂದು ಗುಂಪಿನಲ್ಲಿ ಶೇಕಡಾ 41, ಇನ್ನೊಂದರಲ್ಲಿ 43 ಅಂತಿದ್ದರೆ ಅಲ್ಲಿ ಅಂಥ ಎದುರುಬದುರು ಏನಿದೆ? 'ಡಿಫರ್ ಸ್ಲೈಟ್ಲಿ' ಸಾಕು. ಶೇಕಡಾ 12 ಮತ್ತು 80 ಆದರೆ ಆ ಮಾತು ಇರಲಿ. ವರದಿ ಓದಿ ಯಾರೋ ತೀರ್ಮಾನ ತೆಗೆದುಕೊಳ್ಳುತ್ತಾರೆ. ಕ್ರಿಯಾಪದದ ತೂಕ ಅಂಕಿಯ ತೂಕಕ್ಕೆ ಹೊಂದಲೇಬೇಕು. ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ವರದಿಯನ್ನು ಸಭೆಯಲ್ಲಿ ಗಟ್ಟಿಯಾಗಿ ಓದುವವರಿಗೆ ಇನ್ನೊಂದು ಮಾತು. 'ಕಾಂಟ್ರಾಸ್ಟ್' ನಾಮಪದವಾದರೆ ಒತ್ತು ಮೊದಲ ಭಾಗದ ಮೇಲೆ, 'ಕಾನ್' ಮೇಲೆ. ಕ್ರಿಯಾಪದವಾದರೆ ಎರಡನೆಯದರ ಮೇಲೆ, 'ಟ್ರಾಸ್ಟ್' ಮೇಲೆ. ವರದಿಗಳಲ್ಲಿ ಮತ್ತೆ ಮತ್ತೆ ಬರುವ ರೆಕಾರ್ಡ್, ಇನ್‌ಕ್ರೀಸ್, ಕಾನ್‌ಫ್ಲಿಕ್ಟ್ ಪದಗಳಿಗೂ ಒತ್ತು ಹೀಗೇ ಜಾಗ ಬದಲಿಸುತ್ತದೆ.