237 ಎಂಬಿ

ಶನಿವಾರ, 16 ಆಗಸ್ಟ್ 2025, ಸಾಗರ

ನಿನ್ನೆ ಮಧ್ಯಾಹ್ನ ಮೂರಕ್ಕೆ ಹಿಡಿದ ಕೆಲಸ ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಮುಗಿಯಿತು. ಬೆನ್ನು ನೋಯುತ್ತಿದೆ.

ಮನೆಯ ಕಂಪ್ಯೂಟರಿನಲ್ಲಿರುವುದು ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಅದರ ಹೊಸ ಆವೃತ್ತಿ 13, ಅಂದರೆ ಟ್ರಿಕ್ಸಿ, ಬಿಡುಗಡೆಯಾದದ್ದು ಕಳೆದ ಶನಿವಾರ. ತಿಂಗಳಾದರೂ ಕಾಯಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತೇನೆ. ಆದರೆ ನಿನ್ನೆ ರಜೆ, ಹೊರಗೆ ಜಡಿಮಳೆ, ಕೈ ಸುಮ್ಮನಿರಲಿಲ್ಲ. ಸಾಫ್ಟ್‌ವೇರ್ ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟಿನಲ್ಲಿ ಹಿಂದಿನ ಆವೃತ್ತಿಯ ಹೆಸರು ಬುಕ್‌ವರ್ಮ್ ಇದ್ದಲ್ಲೆಲ್ಲ ಟ್ರಿಕ್ಸಿ ಅಂತ ಬರೆದು ಫುಲ್ ಅಪ್‌ಗ್ರೇಡ್ ಕೊಟ್ಟು ಚಹಾ ಕುಡಿಯಲು ಹೋದೆ.

ವಾಪಸ್ ಬಂದಾಗ ಕೊನೆಯ ಸಾಲು: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಡಿಸ್ಕಿನಲ್ಲಿ 300 ಜಿಬಿ ಖಾಲಿ ಇದೆ! ಆಮೇಲೆ ಹೊಳೆಯಿತು, ತುಂಬಿದ್ದು ಡಿಸ್ಕಲ್ಲ, ಬೂಟ್ ಪಾರ್ಟಿಷನ್, ಅಂದರೆ ಕಂಪ್ಯೂಟರ್ ಏಳಲು ಬೇಕಾದ ಫೈಲುಗಳಿಗೆ ಬೇರೆ ಮಾಡಿಟ್ಟ ಜಾಗ. 2019ರಲ್ಲಿ ಬಸ್ಟರ್ ಎಂಬ ಹಳೆಯ ಆವೃತ್ತಿ ಹಾಕುವಾಗ ಡಿಸ್ಕಿನ ಜಾಗ ಹಂಚುವ ಎಲ್‌ವಿಎಂ ವ್ಯವಸ್ಥೆ ಆರಿಸಿ, ಉಳಿದ ಪ್ರಶ್ನೆಗಳಿಗೆಲ್ಲ ಎಂಟರ್ ಒತ್ತುತ್ತಾ ಹೋಗಿದ್ದೆ. ಇನ್‌ಸ್ಟಾಲರ್ ಬೂಟಿಗೆ ಕೊಟ್ಟ ಜಾಗ 237 ಎಂಬಿ. ಅವತ್ತಿಗೆ ಧಾರಾಳ. ಅದರ ಮೇಲೇ ಬುಲ್ಸ್‌ಐ ಬಂತು, ಬುಕ್‌ವರ್ಮ್ ಬಂತು, ಸಿಸ್ಟಮ್ಮಿನ ತಿರುಳಾದ ಕರ್ನಲ್ಲೂ ಬಿಡಿಭಾಗಗಳನ್ನು ನಡೆಸುವ ಫರ್ಮ್‌ವೇರೂ ಉಬ್ಬುತ್ತಾ ಹೋದವು. ಟ್ರಿಕ್ಸಿಯ ಬಿಡುಗಡೆ ಟಿಪ್ಪಣಿಯಲ್ಲಿ ಬೂಟ್ ಕನಿಷ್ಠ 768 ಎಂಬಿ ಇರಲಿ, ಅದರಲ್ಲಿ 300ರಷ್ಟು ಖಾಲಿ ಇರಲಿ ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ಓದಿದ್ದು ನಿನ್ನೆ ರಾತ್ರಿ, ಫೋನಿನಲ್ಲಿ, ಎಲ್ಲ ಕೆಟ್ಟ ಮೇಲೆ.

ಇಲ್ಲಿಯವರೆಗೂ ದೊಡ್ಡ ಅನಾಹುತವೇನಲ್ಲ. ಅನಾಹುತ ಮಾಡಿದ್ದು ನಾನು. ಸಾಫ್ಟ್‌ವೇರ್ ಹಾಕುವ, ತೆಗೆಯುವ ಎಪ್ಟ್‌ಗೆ ಹೇಳಿ ಹಳೆಯ ಕರ್ನಲ್ ಒಂದನ್ನು ತೆಗೆಸುವ ಬದಲು, ಬೂಟ್ ಫೋಲ್ಡರಿಗೇ ಹೋಗಿ ಕರ್ನಲ್ ಏಳುವಾಗ ಬಳಸುವ ಎರಡು ಹಳೆಯ ಇನಿಟ್ರಡ್ ಫೈಲುಗಳನ್ನೂ ಅಳಿಸಿಬಿಟ್ಟೆ. ಹೊಸದು ಹೇಗೂ ತಯಾರಾಗುತ್ತದಲ್ಲ ಎಂಬ ಧೈರ್ಯ. ಅಪ್‌ಗ್ರೇಡ್ ಮುಂದುವರಿಸಿದೆ. ‘ಜನರೇಟಿಂಗ್’ ಎಂದು ಒಂದು ಸಾಲು ಬಂತು, ಕರೆಂಟು ಹೋಯಿತು.

ಯುಪಿಎಸ್ ಇದೆ. ಅದರ ಬ್ಯಾಟರಿ ಸತ್ತು ಏಪ್ರಿಲಿಗೇ ತಿಥಿಯಾಗಿದೆ.

ಎಂಟೂವರೆಗೆ ಕರೆಂಟು ಬಂತು. ಹೊಸ ಕರ್ನಲ್ ಆರಿಸಿದೆ, ಕರ್ನಲ್ ಪ್ಯಾನಿಕ್, ಅಂದರೆ ಮುಂದೆ ಹೋಗಲಾರದೆ ಅಲ್ಲೇ ನಿಂತಿತು. ಅಡ್ವಾನ್ಸ್ಡ್ ಆಪ್ಷನ್ಸಿಗೆ ಹೋಗಿ ಹಳೆಯದನ್ನು ಆರಿಸಿದೆ, ಫೈಲೇ ಸಿಗಲಿಲ್ಲವೆಂದು ಬೈದು ಅದೂ ಪ್ಯಾನಿಕ್. ‘ಅನ್‌ನೋನ್ ಬ್ಲಾಕ್’, ಕಂಸದಲ್ಲಿ ಎರಡು ಸೊನ್ನೆ. ಕರ್ನಲ್ ಎದ್ದು ಕೂತಿದೆ, ಮನೆ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ. ಎಲ್‌ವಿಎಂ ಒಳಗಿನ ರೂಟನ್ನು, ಅಂದರೆ ಇಡೀ ಸಿಸ್ಟಮ್ ಇರುವ ಜಾಗವನ್ನು, ಹುಡುಕಿಕೊಡುವ ಸಾಮಾನು ಇರುವುದೇ ಇನಿಟ್ರಡ್ ಎಂಬ ಆ ಸಣ್ಣ ಗಂಟಿನಲ್ಲಿ. ಅದನ್ನೇ ನಾನು ಎತ್ತಿ ಬಿಸಾಕಿದ್ದೆ.

ಅಷ್ಟರಲ್ಲಿ ಅಪ್ಪಯ್ಯ ಬಂದರು. ಅಡಿಕೆ ತೋಟದ ಲೆಕ್ಕವೆಲ್ಲ ಈ ಕಂಪ್ಯೂಟರಿನಲ್ಲೇ. ಎರಡನೇ ಸಲದ ಔಷಧಿ ಹೊಡೆಸಿ ಮೂರು ದಿನ ಆಗಿದೆ, ಮೈಲುತುತ್ತ, ಸುಣ್ಣ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಕೊಟ್ಟ ಮುಂಗಡ, ಎಲ್ಲ ಬರೆಯಬೇಕು.

“ತಮಾ, ಲೆಕ್ಕ ಇದ್ದಾ, ಹೋತಾ?”

ಇದೆ ಅಂದೆ. ನನಗೆ ಖಾತ್ರಿ ಇರಲಿಲ್ಲ. ಪೆನ್‌ಡ್ರೈವಿನಲ್ಲಿದ್ದ ಬ್ಯಾಕಪ್ ಮಾರ್ಚಿನದು.

ಬೆಳಿಗ್ಗೆ ಆರಕ್ಕೆ ಎದ್ದು ಎರಡು ವರ್ಷದ ಹಿಂದಿನ ಬುಕ್‌ವರ್ಮ್ ಲೈವ್ ಪೆನ್‌ಡ್ರೈವ್, ಅಂದರೆ ಡಿಸ್ಕಿನ ನೆರವಿಲ್ಲದೆ ಕಂಪ್ಯೂಟರನ್ನು ಎಬ್ಬಿಸುವಂಥದ್ದು, ಹುಡುಕಿದೆ. ಸಿಕ್ಕಿದ್ದು ದೇವರ ಮನೆಯ ಡ್ರಾಯರಿನಲ್ಲಿ, ಬತ್ತಿಯ ಕಟ್ಟಿನ ಪಕ್ಕ. ಅದರಿಂದ ಬೂಟ್ ಮಾಡಿ, ಎಲ್‌ವಿಎಂ ಎಬ್ಬಿಸಿ, ಮೊದಲು ಮೌಂಟ್ ಮಾಡಿದ್ದು, ಅಂದರೆ ಓದಲು ತೆರೆದದ್ದು, ನಮ್ಮ ಫೈಲುಗಳಿರುವ ಹೋಮ್. ‘ತೋಟ’ ಫೋಲ್ಡರ್, ಅದರೊಳಗೆ ಈ ವರ್ಷದ ಫೈಲು. ತೆರೆದರೆ ಜುಲೈ ಕೊನೆಯವರೆಗೂ ಎಲ್ಲ ಇತ್ತು. ‘ಸುಣ್ಣ’ ಅನ್ನುವುದನ್ನು ಅಪ್ಪಯ್ಯ ಎರಡು ಕಡೆ ‘ಸುಣ’ ಅಂತ ಟೈಪ್ ಮಾಡಿದ್ದೂ ಹಾಗೇ ಇತ್ತು. ಉಸಿರು ಬಂತು. ಇಡೀ ಫೋಲ್ಡರನ್ನು ಲ್ಯಾಪ್‌ಟಾಪಿಗೆ ಕಾಪಿ ಮಾಡಿಯೇ ಮುಂದಿನ ಕೆಲಸ.

ಉಳಿದದ್ದು ತಾಳ್ಮೆಯ ವಿಷಯ. ರೂಟ್, ಬೂಟ್ ಎರಡನ್ನೂ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ ಕ್ರೂಟ್ ಹೊಕ್ಕೆ, ಅಂದರೆ ಕೆಟ್ಟ ಸಿಸ್ಟಮ್ಮಿನ ಒಳಗೇ ಕೂತು ಕೆಲಸಕ್ಕಿಳಿದೆ. ಅರ್ಧಕ್ಕೆ ನಿಂತ ಇನಿಟ್ರಡ್ ತುಣುಕನ್ನು ಅಳಿಸಿದೆ. ಇನಿಟ್‌ರಾಮ್‌ಎಫ್‌ಎಸ್ ಕಾನ್ಫಿಗ್ ಫೈಲಿನಲ್ಲಿ ಮಾಡ್ಯೂಲ್ಸ್ ಎದುರು ‘ಮೋಸ್ಟ್’ ಅಂತಿತ್ತು, ಅದನ್ನು ‘ಡೆಪ್’ ಮಾಡಿದೆ. ಮೋಸ್ಟ್ ಅಂದರೆ ಯಾವ ಯಂತ್ರಕ್ಕೆ ಹಾಕಿದರೂ ಏಳಲಿ ಅಂತ ಹೆಚ್ಚಿನ ಡ್ರೈವರುಗಳನ್ನೆಲ್ಲ ತುಂಬುವುದು. ಡೆಪ್ ಅಂದರೆ ಈ ಯಂತ್ರಕ್ಕೆ ಬೇಕಾದಷ್ಟೇ. ನಾಳೆ ಈ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದರೆ ಏಳದೆಯೂ ಇರಬಹುದು. ಸದ್ಯಕ್ಕೆ ಇರಲಿ. ಆಮೇಲೆ ಅರ್ಧಕ್ಕೆ ನಿಂತ ಅಪ್‌ಗ್ರೇಡ್ ಮುಗಿಸಲು ಡಿಪಿಕೆಜಿ ಕಾನ್ಫಿಗರ್. ಸಾಲುಗಳು ಹರಿಯುತ್ತಾ ಹೋದವು, ನಾನು ಮಳೆಯನ್ನೂ ಟ್ಯೂಬ್‌ಲೈಟನ್ನೂ ಸರದಿಯಂತೆ ನೋಡುತ್ತಾ ಕೂತೆ. ಇನಿಟ್ರಡ್ 24 ಎಂಬಿಗೆ ಇಳಿದು ನೆಟ್ಟಗೆ ಕೂತಿತು. ಹಳೆಯ ಕರ್ನಲ್‌ಗಳೆರಡನ್ನೂ ಈ ಸಲ ಎಪ್ಟ್ ಕೈಯಿಂದಲೇ ತೆಗೆಸಿ, ಬೂಟ್ ಮೆನು ತೋರಿಸುವ ಗ್ರಬ್ ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟೆ.

ಲಾಗಿನ್ ಪರದೆ. ಕರ್ನಲ್ 6.12.

ಅಪ್ಪಯ್ಯ ಕನ್ನಡಕ ಹಾಕಿಕೊಂಡು ನೋಡಿದರು. “ಬಣ್ಣ ಬದಲಾತು,” ಅಂದರು. ಅಷ್ಟೇ. ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದರು. ಮೂರು ದಿನದ ಲೆಕ್ಕ ಪೆನ್ಸಿಲಿನಲ್ಲಿ ಬರೆದೇ ಇಟ್ಟಿದ್ದರಂತೆ.

ಬೂಟ್ ಇನ್ನೂ 237 ಎಂಬಿಯೇ. ಅದನ್ನು ದೊಡ್ಡದು ಮಾಡಬೇಕೆಂದರೆ ಎಲ್‌ವಿಎಂ ಕುಗ್ಗಿಸಬೇಕು, ಆ ಸಾಹಸ ಮಳೆಗಾಲದಲ್ಲಂತೂ ಬೇಡ. ಸೋಮವಾರ ಪೇಟೆಗೆ ಹೋದಾಗ ಯುಪಿಎಸ್ಸಿಗೆ 12 ವೋಲ್ಟ್, 7 ಆಂಪಿಯರ್-ಅವರಿನ ಬ್ಯಾಟರಿ ತರಬೇಕು. ಹಳೆಯದರ ಫೋಟೋ ತೆಗೆದಿಟ್ಟುಕೊಂಡಿದ್ದೇನೆ, ಏಪ್ರಿಲಿನಲ್ಲೂ ತೆಗೆದಿದ್ದೆ.