ಇಷ್ಟು ಓದಿ ಮರ ಹತ್ತೋದಾ?

ಇಪ್ಪತ್ತಾರನೇ ವಯಸ್ಸಿನಲ್ಲಿ ಲೆಕ್ಕ ತಪಾಸಣೆಯ ಕೆಲಸ ಬಿಟ್ಟು ಮರದ ಕೆಲಸಕ್ಕೆ ಬಂದೆ. ಈಗ ಒಂಬತ್ತು ವರ್ಷ. ಹಗ್ಗ ಕಟ್ಟಿಕೊಂಡು ಮರ ಹತ್ತುತ್ತೇನೆ. ಒಣಗಿದ್ದು, ಸೀಳಿದ್ದು, ಯಾರ ತಲೆ ಮೇಲಾದರೂ ಬೀಳುವಂತಿರುವುದು, ಅಂಥ ಕೊಂಬೆಗಳನ್ನು ತೆಗೆಯುತ್ತೇನೆ. ಉಳಿಯುವ ಮರವನ್ನು ಉಳಿಸುತ್ತೇವೆ, ಉಳಿಯದ್ದನ್ನು ಮೇಲಿನಿಂದ ತುಂಡುತುಂಡಾಗಿ ಇಳಿಸುತ್ತೇವೆ. ಈ ಒಂಬತ್ತು ವರ್ಷದಲ್ಲಿ ಒಂದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೆ ಅಂದರೆ, ಎದುರಿನವರ ಹುಬ್ಬು ಮೇಲೇರಿದ ಕೂಡಲೇ ನನಗೆ ಗೊತ್ತಾಗಿಬಿಡುತ್ತದೆ: "ಇಷ್ಟು ಓದಿ ಮರ ಹತ್ತೋದಾ?" ಇನ್ನು ಬಾಯಲ್ಲಿ ಉತ್ತರ ಹೇಳುವ ಶಕ್ತಿ ನನಗಿಲ್ಲ. ಬರೆದಿಡುತ್ತೇನೆ. ಮುಂದೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಹೌದು, ಇಷ್ಟು ಓದಿ ಮರ ಹತ್ತೋದು.

"ಏನಾಯ್ತು, ಹೇಳು?" ಎಂದು ದನಿ ತಗ್ಗಿಸಿ ಕೇಳುವವರೂ ಇದ್ದಾರೆ. ಮೇಲಿನವರ ಜೊತೆ ಜಗಳವಾಗಿರಬೇಕು, ಇಲ್ಲವೇ ಮನಸ್ಸು ಕೆಟ್ಟಿರಬೇಕು, ಏನೋ ಒಂದು ಒಡೆದುಹೋಗಿರಲೇಬೇಕು ಎಂದು ಅವರ ಲೆಕ್ಕ. ಏನೂ ಒಡೆದಿರಲಿಲ್ಲ. ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು, ಸಂಬಳ ಸರಿಯಾಗಿತ್ತು, ಜೊತೆಯವರು ಒಳ್ಳೆಯವರು. ಒಂದು ದಿನ ಕಚೇರಿಯ ಕಿಟಕಿಯಾಚೆ ಮೂರು ಜನ ಸೇರಿ ಒಂದು ಸತ್ತ ಮರವನ್ನು ಇಳಿಸಲು ಶುರು ಮಾಡಿದರು. ಎರಡು ದಿನದ ಕೆಲಸ. ಮೇಲಿದ್ದವನು ಕಾಂಡದಿಂದ ಕಳಚಿದ ತುಂಡು, ಕೆಳಗೆ ಹಗ್ಗ ಹಿಡಿದಿದ್ದವನಿಗಿಂತ ಮೂರು ನಾಲ್ಕು ಪಟ್ಟು ತೂಕವಿದ್ದೀತು. ಆ ಸಣ್ಣ ಆಳು ಅದನ್ನು ಒಂದೇ ಹಗ್ಗದಲ್ಲಿ, ಮಲಗಿದ ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ ನೆಲಕ್ಕಿಟ್ಟ. ನನ್ನ ಮುಂದಿದ್ದ ಹಾಳೆಯ ಒಂದು ಅಂಕಿಯೂ ಆಮೇಲೆ ತಲೆಗೆ ಹತ್ತಲಿಲ್ಲ.

ಊಟದ ಹೊತ್ತಿಗೆ ಕೆಳಗೆ ಹೋಗಿ ಅವನನ್ನೇ ಕೇಳಿದೆ. ಮರದ ಬೊಡ್ಡೆಗೆ ಹಗ್ಗ ಮೂರು ಸುತ್ತು ಬಂದಿದ್ದನ್ನು ತೋರಿಸಿ, "ಭಾರ ನಾನು ಹಿಡಿಯಲ್ಲ, ಸುತ್ತು ಹಿಡಿಯುತ್ತೆ" ಅಂದ. ಮನೆಗೆ ಬಂದು ಹುಡುಕಿದರೆ ಸಿಕ್ಕಿದ್ದು ಗಣಿತ. 18ನೇ ಶತಮಾನದಲ್ಲೇ ಆಯ್ಲರ್ ಎಂಬ ಗಣಿತಜ್ಞ ಇದರ ಲೆಕ್ಕ ಹಾಕಿದ್ದ. ಹಗ್ಗ ಒಂದೊಂದು ಸುತ್ತು ಬಂದಾಗಲೂ ಹಿಡಿತ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಮೊದಲ ಸುತ್ತಿಗೆ 6 ಪಟ್ಟು ಅಂತಿಟ್ಟುಕೊಂಡರೆ ಎರಡನೆಯದಕ್ಕೆ 36, ಮೂರನೆಯದಕ್ಕೆ 216. ಚಕ್ರಬಡ್ಡಿಯನ್ನು ವರ್ಷಗಟ್ಟಲೆ ಕಾಗದದ ಮೇಲೆ ಕಂಡವರಿಗೆ ಅದು ಹಗ್ಗದಲ್ಲಿ ಕಾಣಿಸಿದರೆ ಏನಾಗುತ್ತದೆ ಎಂದು ಹೇಗೆ ಹೇಳಲಿ? ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಎಂಟು ತಿಂಗಳ ನಂತರ ರಾಜೀನಾಮೆ ಕೊಟ್ಟೆ. ಆ ಮೂವರಲ್ಲಿ ಹಿರಿಯರಾಗಿದ್ದವರೇ ನನ್ನ ಮೇಸ್ತ್ರಿ.

ಪ್ರಶ್ನೆಗಿಂತ ಹೆಚ್ಚು ನೋಯಿಸುವುದು ಅದರೊಳಗಿನ "ಇಷ್ಟು ಓದಿ" ಅನ್ನುವ ಮಾತು. ಓದು ಅಲ್ಲಿಗೆ ಮುಗಿಯಿತು, ಇಲ್ಲಿ ಬರೀ ತೋಳು ಸಾಕು ಎಂದು ಅದರ ಅರ್ಥ. ಹಸಿ ಮರ ಒಂದು ಘನ ಮೀಟರಿಗೆ ಹೆಚ್ಚು ಕಡಿಮೆ ಒಂದು ಟನ್ ತೂಗುತ್ತದೆ. 30 ಸೆಂಟಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತುಂಡು ಸುಮಾರು 70 ಕಿಲೋ. ದಪ್ಪ 60 ಆದರೆ 280 ಕಿಲೋ. ಕಣ್ಣಿಗೆ ಎರಡರಷ್ಟು ಕಾಣುವುದು ಹಗ್ಗಕ್ಕೆ ನಾಲ್ಕರಷ್ಟು. ಅದು ಒಂದು ಗಜ ಜಾರಿ ಹಗ್ಗಕ್ಕೆ ಜಗ್ಗಿದರೆ ಆ ನಾಲ್ಕೂ ಇನ್ನೆಷ್ಟೋ ಪಟ್ಟು ಆಗುತ್ತದೆ. ಕಣ್ಣಳತೆಯನ್ನು ನಂಬಿದವರು ಈ ಕೆಲಸದಲ್ಲಿ ಸಾಯುತ್ತಾರೆ, ಅದಕ್ಕೇ ಪ್ರತಿ ತುಂಡಿಗೂ ಲೆಕ್ಕ ಹಾಕುತ್ತೇನೆ. ಓದಿದ್ದು ವ್ಯರ್ಥವಾಯಿತೆಂದು ನನ್ನೆದುರು ನಿಟ್ಟುಸಿರು ಬಿಡಬೇಡಿ.

ಇನ್ನೊಂದು ಮಾತಿದೆ, "ಅಲ್ಲಿಂದ ಇಲ್ಲಿಗೆ ಇಳಿದುಬಿಟ್ಟೆಯಲ್ಲ" ಅನ್ನುವುದು. ಅದಕ್ಕೆ ನಾನು ಉತ್ತರ ಕೊಡುವುದೇ ಇಲ್ಲ.

ಮೂರನೇ ವರ್ಷದಲ್ಲಿ ನಡೆದದ್ದನ್ನು ಹೇಳುತ್ತೇನೆ. ನೆಲದಿಂದ 12 ಮೀಟರ್ ಮೇಲಿದ್ದೆ. ಸೊಂಟದ ಹಗ್ಗ ಒಂದು ಕವಲಿಗೆ, ಇನ್ನೊಂದು ಕಟ್ಟು ಕಾಂಡಕ್ಕೆ. ನಮ್ಮ ಗರಗಸ ಅಂದರೆ ಚೈನ್ ಸಾ, ಎಂಜಿನ್ ತಿರುಗಿಸುವ ಹಲ್ಲಿನ ಸರಪಳಿ. ಅದು ಓಡುವಾಗ ದೇಹಕ್ಕೆ ಎರಡು ಕಟ್ಟು ಇರಲೇಬೇಕು, ಯಾಕೆಂದರೆ ಆ ಸರಪಳಿಗೆ ಹಗ್ಗ ಯಾವುದು, ಕೊಂಬೆ ಯಾವುದು ಎಂಬ ಭೇದವಿಲ್ಲ. ಸೆಕೆಂಡಿಗೆ 20 ಮೀಟರ್ ಆಸುಪಾಸಿನಲ್ಲಿ ಅದರ ಹಲ್ಲುಗಳು ಓಡುತ್ತಿರುತ್ತವೆ. ಕೊಂಬೆಯ ಅಡಿಯಿಂದ ಮೊದಲ ಕಚ್ಚು ಹಾಕಿದ್ದೆ, ಮೇಲಿನ ಕುಯ್ತ ಅರ್ಧಕ್ಕೆ ಬಂದಿತ್ತು. ಕೆಳಗೆ ನೋಡಿದರೆ, ಸುತ್ತ ಕಟ್ಟಿದ್ದ ಎಚ್ಚರಿಕೆಯ ಹಗ್ಗವನ್ನು ಎತ್ತಿ, ಅದರಡಿ ಬಗ್ಗಿ, ಮನೆಯ ಯಜಮಾನರು ನೇರ ನನ್ನ ಕೆಳಗೆ ಬಂದು ನಿಂತು ಮುಖ ಮೇಲೆತ್ತಿ ಏನೋ ಹೇಳುತ್ತಿದ್ದಾರೆ. ನನ್ನ ಕಿವಿಗೆ ಸದ್ದುತಡೆ. ತುಟಿಯಾಡುವುದು ಮಾತ್ರ ಕಾಣುತ್ತಿತ್ತು. ಸರಪಳಿಗೆ ಬ್ರೇಕ್ ಹಾಕಿ ಎಂಜಿನ್ ಆರಿಸಿದೆ. ಆಗ ಕೇಳಿಸಿತು: "ನೀವು ತುಂಬಾ ಓದಿದೋರಂತೆ, ಹೌದಾ? ಮತ್ತೆ ಇದ್ಯಾಕೆ?"

12 ಮೀಟರಿನಿಂದ ಬಿದ್ದ ಕೊಂಬೆ ನೆಲ ಮುಟ್ಟಲು ಒಂದೂವರೆ ಸೆಕೆಂಡು ತೆಗೆದುಕೊಳ್ಳುತ್ತದೆ. ಆ ಪ್ರಶ್ನೆ ಕೇಳಿ ಮುಗಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ನಾನು ಮೇಲಿಂದ ಕಿರುಚಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕೆಳಗಿದ್ದ ಜೊತೆಗಾರ ಓಡಿಬಂದು ಅವರ ತೋಳು ಹಿಡಿದು ಎಳೆದುಕೊಂಡು ಹೋದ. ಅರೆ ಕುಯ್ದ ಕೊಂಬೆ ಇನ್ನೂ ನನ್ನ ಮುಂದೆ ತೂಗುತ್ತಿತ್ತು, ನನ್ನ ಮೊಣಕಾಲು ನಡುಗುತ್ತಿತ್ತು. ಸಂಜೆ ಅವರು ಮೇಸ್ತ್ರಿಯ ಹತ್ತಿರ ಹೋಗಿ ನಿಮ್ಮವರಿಗೆ ಮಾತಾಡೋದು ಕಲಿಸಿ ಅಂದರಂತೆ. ಮೇಸ್ತ್ರಿ ಏನೂ ಅನ್ನದೆ ಎಚ್ಚರಿಕೆಯ ಹಗ್ಗವನ್ನು ಇನ್ನೂ ನಾಲ್ಕು ಮಾರು ಹಿಂದಕ್ಕೆ ಕಟ್ಟಿದರು. ಮರುದಿನ ನಾನು ಕ್ಷಮೆ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ.

ಅದೇ ಮನುಷ್ಯ ನಮ್ಮನ್ನು ಕರೆಸಿದ್ದು ಮರದ ತಲೆ ಹೊಡೆಸಲಿಕ್ಕೆ. "ಎತ್ತರ ಜಾಸ್ತಿಯಾಯ್ತು, ಅರ್ಧಕ್ಕೆ ಇಳಿಸಿಬಿಡಿ." ನನ್ನ ಓದಿನ ಬಗ್ಗೆ ಅಷ್ಟು ಕುತೂಹಲ ಇದ್ದವರು, ಅಲ್ಲಿ ಕಡಿದರೆ ಮರಕ್ಕೆ ಏನಾಗುತ್ತದೆ ಎಂದು ಒಂದು ಮಾತು ಕೇಳಬಾರದಿತ್ತೇ? ಎಲ್ಲಿ ಕುಯ್ಯಬೇಕೆಂದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಒಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಕೇಳಿಲ್ಲ. ಕೇಳಿದ್ದರೆ ಕೆಳಗಿಳಿದು ಬಂದು, ಹೆಲ್ಮೆಟ್ ತೆಗೆದಿಟ್ಟು, ಕೂತು ಹೇಳುತ್ತಿದ್ದೆ.

ಮರಕ್ಕೆ ಗಾಯ ಮಾಯುವುದಿಲ್ಲ. ನಮ್ಮ ಚರ್ಮದ ಹಾಗೆ ಕೆಟ್ಟ ಜೀವಕೋಶದ ಜಾಗದಲ್ಲಿ ಹೊಸದನ್ನು ಕಟ್ಟಲು ಅದಕ್ಕೆ ಬರುವುದಿಲ್ಲ. ಅದು ಕೆಟ್ಟ ಭಾಗವನ್ನು ಗೋಡೆ ಕಟ್ಟಿ ಮುಚ್ಚುತ್ತದೆ, ಅದರ ಮೇಲೆ ಹೊಸ ಮರ ಬೆಳೆಸುತ್ತದೆ. ಹಳೆಯ ಗಾಯ ಒಳಗೆ ಹಾಗೆಯೇ ಇರುತ್ತದೆ. ಇದನ್ನು ಕಂಡುಕೊಟ್ಟವರು ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶೈಗೋ. ಅವರಿಗಿಂತ ಮುಂಚಿನವರು ಹೆಚ್ಚಾಗಿ ಕಾಂಡವನ್ನು ಅಡ್ಡಕ್ಕೆ ಕೊಯ್ದು ನೋಡುತ್ತಿದ್ದರು. ಶೈಗೋ ಚೈನ್ ಸಾ ಹಿಡಿದು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ, ಕೊಳೆತ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಎಂದು ನೋಡಿದರು. 1977ರಲ್ಲಿ ಹ್ಯಾರಲ್ಡ್ ಮಾರ್ಕ್ಸ್ ಜೊತೆ ಸೇರಿ ಅದನ್ನು ನಾಲ್ಕು ಗೋಡೆಗಳ ಲೆಕ್ಕದಲ್ಲಿ ವಿವರಿಸಿದರು. ಕೊಳೆತ ಮೇಲಕ್ಕೂ ಕೆಳಕ್ಕೂ ಹರಡದಂತೆ ತಡೆಯುವುದು ಮೊದಲನೆಯ ಗೋಡೆ, ಎಲ್ಲಕ್ಕಿಂತ ದುರ್ಬಲ. ಎರಡನೆಯದು ಒಳಕ್ಕೆ ಹೋಗದಂತೆ, ಮೂರನೆಯದು ಅಕ್ಕಪಕ್ಕಕ್ಕೆ ಹೋಗದಂತೆ. ಗಾಯವಾದ ಮೇಲೆ ಹೊಸದಾಗಿ ಕಟ್ಟುವುದು ನಾಲ್ಕನೆಯದು, ಅದೇ ಎಲ್ಲಕ್ಕಿಂತ ಗಟ್ಟಿ.

ಕುಯ್ಯುವ ಜಾಗ ಗೊತ್ತಾಗುವುದು ಇದರಿಂದಲೇ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ನಾವು ಅದನ್ನು ಕೊರಳು ಅನ್ನುತ್ತೇವೆ. ಕವಲಿನ ಮೇಲ್ಭಾಗದಲ್ಲಿ ತೊಗಟೆ ಸುಕ್ಕುಗಟ್ಟಿ ಒಂದು ಏಣು ಮೂಡಿರುತ್ತದೆ. ಕೊರಳಿನೊಳಗಿನದು ಕಾಂಡದ್ದೇ ಮರ, ಕೊಳೆತವನ್ನು ತಡೆಯುವ ಸರಂಜಾಮು ಇರುವುದೂ ಅಲ್ಲೇ. ಏಣನ್ನೂ ಕೊರಳನ್ನೂ ಮುಟ್ಟದೆ ಅದರ ಹೊರಗೆ ಕುಯ್ಯಬೇಕು. ತೀರಾ ಹೊರಗೆ ಕುಯ್ದರೆ ಮೋಟು ಉಳಿದು ಅದೇ ಕೊಳೆಯುತ್ತದೆ. ಭಾರದ ಕೊಂಬೆಯಾದರೆ ಮೂರು ಕುಯ್ತ: ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಅಡಿಯಿಂದ ಕಚ್ಚು, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿಂದ, ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ಕೊರಳಿನ ಹೊರಗೆ. ಆ ಕೆಳಗಿನ ಕಚ್ಚು ಹಾಕದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ಗಾಯಕ್ಕೆ ಬಣ್ಣವೋ ಟಾರೋ ಬಳಿಯಿರಿ ಎಂದು ಈಗಲೂ ಹೇಳುತ್ತಾರೆ. ಬಳಿದರೆ ನೋಡುವವರಿಗೆ ಸಮಾಧಾನ ಅಷ್ಟೇ, ಕೊಳೆತ ನಿಲ್ಲುವುದಿಲ್ಲ. ತಲೆ ಹೊಡೆದ ಮರಕ್ಕೆ ಕೊರಳೂ ಇಲ್ಲ, ಗೋಡೆ ಕಟ್ಟಲು ಹೊತ್ತೂ ಇಲ್ಲ. ಎಲೆ ಕಳೆದುಕೊಂಡ ಹಸಿವಿಗೆ ಅದು ಗಾಯದ ಸುತ್ತ ಹಿಂಡುಹಿಂಡಾಗಿ ಚಿಗುರು ಎಬ್ಬಿಸುತ್ತದೆ. ಆ ಚಿಗುರುಗಳು ಬೇಗ ಎತ್ತರಕ್ಕೆ ಹೋಗುತ್ತವೆ, ಬುಡದಲ್ಲಿ ಹಿಡಿತ ಇರುವುದಿಲ್ಲ. ಕೆಲವು ವರ್ಷಕ್ಕೆ ಮರ ಮೊದಲಿನಷ್ಟೇ ಎತ್ತರ, ಮೊದಲಿಗಿಂತ ಅಪಾಯ. ಇದನ್ನೆಲ್ಲ ಮೇಸ್ತ್ರಿ ಆ ಯಜಮಾನರಿಗೆ ಹೇಳಿದರು. ನಾವು ತಲೆ ಹೊಡೆಯಲಿಲ್ಲ. ಅವರು ಬೇರೆಯವರನ್ನು ಕರೆಸಿ ಹೊಡೆಸಿದರು.

ಈಗ ಇಪ್ಪತ್ತೈದು, ಇಪ್ಪತ್ತೆಂಟರಲ್ಲಿದ್ದು, ಬರಲೋ ಬೇಡವೋ ಎಂದು ಕೇಳುವವರಿಗೆ. ಮೊದಲ ವರ್ಷ ನನ್ನ ಸಂಪಾದನೆ ಹಿಂದಿನದರ ಅರ್ಧಕ್ಕೂ ಕಡಿಮೆ ಇತ್ತು, ಅಷ್ಟಕ್ಕೆ ಸಿದ್ಧರಾಗಿ ಬನ್ನಿ. ಗರಗಸ ಕೊಳ್ಳಬೇಡಿ. ಒಂದು ವರ್ಷ ನೆಲದ ಮೇಲೆಯೇ ಇರಿ, ಸೊಪ್ಪು ಎಳೆಯಿರಿ, ಹಗ್ಗ ಹಿಡಿಯಿರಿ. ಆಸ್ಟ್ರಿಯಾದ ಕಾರ್ಲ್ ಪ್ರೂಸಿಕ್ 1931ರಲ್ಲಿ ಪರ್ವತಾರೋಹಿಗಳಿಗೆ ತೋರಿಸಿಕೊಟ್ಟ ಗಂಟನ್ನು ಕಣ್ಣು ಮುಚ್ಚಿ ಹಾಕುವವರೆಗೆ ಕಲಿಯಿರಿ. ಭಾರ ಬಿದ್ದರೆ ಕಚ್ಚಿಕೊಳ್ಳುತ್ತದೆ, ಭಾರ ತೆಗೆದರೆ ಜಾರುತ್ತದೆ. ನಾನು ಎರಡನೇ ಮರ ಹತ್ತುವಾಗ ಕಾಲು ತಪ್ಪಿ, ಆ ಗಂಟಿನಲ್ಲೇ ನೇತಾಡಿ ಉಳಿದೆ.

ಮೈ ಸವೆಯುವುದಿಲ್ಲವೇ ಎಂದು ಕೇಳುತ್ತಾರೆ. ಸವೆಯುತ್ತದೆ. ಸುಳ್ಳು ಹೇಳುವುದಿಲ್ಲ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ, ಕಂಪಿಸುವ ಉಪಕರಣ ಹಿಡಿದು ಸುಣ್ಣಕಲ್ಲು ಕೆತ್ತುವವರ ಬೆರಳುಗಳು ಚಳಿಯಲ್ಲಿ ಬೆಳ್ಳಗಾಗಿ ಮರಗಟ್ಟುವುದನ್ನು ಬರೆದಿಟ್ಟರು. ಗರಗಸ ಹಿಡಿಯುವವರಿಗೂ ಅದೇ ಬರುತ್ತದೆ. ಬೆರಳ ತುದಿ ಜುಮ್ಮೆಂದರೆ ಅದೇ ದಿನ ಹೇಳಿ, ಮುಚ್ಚಿಡಬೇಡಿ. ನನ್ನ ಎಡಗೈಯ ಎರಡು ಬೆರಳು ಶುರು ಮಾಡಿವೆ. ಗರಗಸ ಹಿಡಿಯುವ ಹೊತ್ತನ್ನು ಅರ್ಧಕ್ಕೆ ಇಳಿಸಿದ್ದೇನೆ.

ಎರಡನೇ ವರ್ಷದಲ್ಲಿ, ಮೇಸ್ತ್ರಿ ಇಲ್ಲದ ದಿನ, ನಾನೊಂದು ಕೊಂಬೆಯನ್ನು ಕಾಂಡಕ್ಕೆ ಸಮವಾಗಿ, ಕೊರಳು ಸಮೇತ ಕುಯ್ದೆ. ನುಣ್ಣಗೆ ಕಾಣುತ್ತಿತ್ತು. ಮನೆಯವರು ಎಷ್ಟು ಅಚ್ಚುಕಟ್ಟು ಎಂದು ಹೊಗಳಿದರು, ನಾನೂ ಹಿಗ್ಗಿದೆ. ಮೇಸ್ತ್ರಿ ಮರುದಿನ ಬಂದು ನೋಡಿ, ಗಾಯದ ಮೇಲೆ ಕೈಯಿಟ್ಟುಕೊಂಡು ಸುಮಾರು ಹೊತ್ತು ನಿಂತರು, ಬೈಯಲಿಲ್ಲ. ಅಂದಿನಿಂದ ವರ್ಷಕ್ಕೊಮ್ಮೆ ಆ ಮರದ ಹತ್ತಿರ ಹೋಗುತ್ತೇನೆ. ಆಗ ಎರಡು ಗೇಣಿದ್ದ ಗಾಯ ಏಳು ವರ್ಷದಲ್ಲಿ ಒಂದು ಗೇಣು ನಾಲ್ಕು ಬೆರಳಿಗೆ ಬಂದಿದೆ. ಅಂಚಿನಿಂದ ಹೊಸ ಮರ ಸುರುಳಿಯಾಗಿ ಒಳಕ್ಕೆ ಬರುತ್ತಿದೆ, ಇನ್ನೂ ಕೂಡಿಲ್ಲ. ಈ ಸಲ ಮರದ ಕೊಡತಿಯಿಂದ ಬಡಿದು ನೋಡಿದೆ. ಗಾಯದ ಮೇಲೆ ಗಟ್ಟಿ ಸದ್ದು, ಒಂದು ಮೊಳ ಕೆಳಗೆ ಟೊಳ್ಳು. ಅಲ್ಲಿ ಕುಯ್ದದ್ದು ನಾನೇ ಎಂದು ಮನೆಯವರಿಗೆ ಹೇಳಿದೆ. ಆ ಕಡೆಯ ಭಾರದ ಕೊಂಬೆಯನ್ನು ಈ ವರ್ಷ ಸ್ವಲ್ಪ ಹಗುರ ಮಾಡುತ್ತೇನೆ, ದುಡ್ಡು ಬೇಡ, ಬರುವ ವರ್ಷ ಮತ್ತೆ ಬಂದು ಬಡಿದು ನೋಡುತ್ತೇನೆ ಅಂದೆ.