ಅಜ್ಜಿಯ ಹಾಡಿನ ತಾರೀಖು

ಹಳೇ ಲ್ಯಾಪ್‌ಟಾಪ್ ಕೈಕೊಡುವ ಮುಂಚೆ ಎಲ್ಲವನ್ನೂ ಕ್ಲೌಡ್‌ಗೆ ಏರಿಸಿಬಿಡೋಣ ಅಂತ ನಿನ್ನೆ ರಾತ್ರಿ ಕೂತೆ. ಬೆಳಗ್ಗೆ ನೋಡಿದರೆ ಫೈಲುಗಳೆಲ್ಲ ಭದ್ರವಾಗಿವೆ, ಆದರೆ ಪ್ರತಿಯೊಂದರ ಮುಂದೂ ನಿನ್ನೆಯದೇ ತಾರೀಖು! ಎದೆ ಧಸಕ್ಕೆಂದಿತು.

ಫೋಟೋಗಳ ಬಗ್ಗೆ ಅಷ್ಟು ಚಿಂತೆಯಿಲ್ಲ. ಕ್ಲಿಕ್ಕಿಸಿದ ಹೊತ್ತನ್ನು ಕ್ಯಾಮೆರಾ ಚಿತ್ರದ ಒಳಗೇ, ಎಕ್ಸಿಫ್ ಅನ್ನುವ ಭಾಗದಲ್ಲಿ ಬರೆದಿಟ್ಟಿರುತ್ತದೆ. (ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.) ಸಂಕಟ ಆಗಿದ್ದು ಅಜ್ಜಿಯ ದನಿಯ ವಿಷಯಕ್ಕೆ. ಕೀಪ್ಯಾಡ್ ಫೋನಿನಲ್ಲಿ ಹಿಡಿದ ರೆಕಾರ್ಡಿಂಗು ಅದು. ಅಕ್ಕಿ ಆರಿಸುತ್ತಾ ಹಾಡಿದ ಸೋಬಾನೆ ಪದ, ನಡುನಡುವೆ ಮೊರ ಕುಟ್ಟುವ ಸದ್ದು. ಅದರೊಳಗೆ ತಾರೀಖು ಎಲ್ಲೂ ಇಲ್ಲ. ಫೈಲಿನ ಪಕ್ಕದಲ್ಲಿ ತೋರಿಸುವ ದಿನಾಂಕವೊಂದೇ ಸಾಕ್ಷಿ.

ಪುಣ್ಯಕ್ಕೆ ಲ್ಯಾಪ್‌ಟಾಪಿನಲ್ಲಿ ಮೂಲ ಇನ್ನೂ ಇತ್ತು: 2009ರ ನವೆಂಬರ್ 14, ಸಂಜೆ 5.42. ಮೊದಲು ಆ ತಾರೀಖನ್ನು ಫೈಲಿನ ಹೆಸರಿಗೇ ಸೇರಿಸಿದೆ. ವರ್ಷ, ತಿಂಗಳು, ದಿನ ಅಂತ ಇಟ್ಟರೆ ಸಾಲಾಗಿಯೂ ಕೂರುತ್ತವೆ. ಆಮೇಲೆ ಇಡೀ ಫೋಲ್ಡರನ್ನು ಜಿಪ್ ಮಾಡಿ ಏರಿಸಿದೆ. ಜಿಪ್ ಒಳಗೆ ಹಳೇ ತಾರೀಖು ಹಾಗೇ ಉಳಿಯುತ್ತದೆ. ಫೈಲುಗಳನ್ನು ಕ್ಲೌಡ್‌ಗೆ ನಕಲಿಸುವ ಆರ್‌ಕ್ಲೋನ್ ಎಂಬ ತಂತ್ರಾಂಶವನ್ನು ಬಳಸಲು ಬರುವವರಿಗೆ ಈ ಪಾಡೂ ಬೇಡ, ಬಹಳಷ್ಟು ಕ್ಲೌಡ್‌ಗಳಿಗೆ ಅದು ತಾರೀಖನ್ನೂ ಜೊತೆಗೇ ಒಯ್ಯುತ್ತದೆ. ಎಲ್ಲ ಮುಗಿಯುವವರೆಗೆ ಮೂಲವನ್ನು ಮಾತ್ರ ಅಳಿಸಬೇಡಿ, ದಯವಿಟ್ಟು.

ಕ್ಯಾಲೆಂಡರ್ ತಿರುಗಿಸಿ ನೋಡಿದೆ. ಅವತ್ತು ಶನಿವಾರ. ನಾನು ರಜೆಗೆ ಊರಿಗೆ ಹೋಗಿದ್ದು ಆಗಲೇ. ಮಾರನೇ ದಿನ ಬಸ್ಸಿಗೆ ಹೊರಟಾಗ, ಆರಿಸಿಟ್ಟ ಅದೇ ಅಕ್ಕಿಯಲ್ಲಿ ಕಡುಬು ಮಾಡಿ ಬಾಳೆಲೆಯಲ್ಲಿ ಕಟ್ಟಿಕೊಟ್ಟಿದ್ದಳು.